ಮತದಾರನ ಆಯುಷ್ಯದಲ್ಲಿ ಪಕ್ಷಗಳು

(ಸಂಘದ ಬೆಳ್ಳಿಹಬ್ಬದ ಸಮಾರಂಭದಲ್ಲಿ ಮಾಡಿದ ಭಾಷಣದ ಬರಹರೂಪ)

ಬೆಳಗಿನ ಹಾಲು ಹಾಕಿ ಕ್ಯಾನು ತೊಳೆದಿಟ್ಟು ನೇರವಾಗಿ ಇಲ್ಲಿಗೆ ಬಂದಿರುವ ತಾಯಂದಿರೇ, ಅಣ್ಣತಮ್ಮಂದಿರೇ,

ಸಹಕಾರ ತತ್ವದ ಬಗ್ಗೆ ನಾಲ್ಕು ಮಾತಾಡಿ ಅಂತ ಕಾರ್ಯದರ್ಶಿಗಳು ನಮಗೆ ಹೇಳಿದ್ದರು. ಅದನ್ನು ನಮಗಿಂತ ಚೆನ್ನಾಗಿ ಹೇಳಬಲ್ಲ ಅಧಿಕಾರಿಗಳು ವೇದಿಕೆಯ ಮೇಲಿದ್ದಾರೆ. ನಾವು ಆರಿಸಿಕೊಂಡಿರುವ ವಿಷಯ ಬೇರೆ. ಸಂಘದ ಗೋಡೆಯ ಮೇಲೆ ನಾವೇ ಸುಣ್ಣದ ಮೇಲೆ ನೀಲಿ ಬಣ್ಣದಲ್ಲಿ ಬರೆಸಿದ್ದೇವೆ, 'ಇಲ್ಲಿ ರಾಜಕೀಯ ಮಾತಾಡಬಾರದು' ಅಂತ. ಇವತ್ತು ಅದನ್ನೇ ಮಾತಾಡುತ್ತೇವೆ. ಯಾವ ಪಕ್ಷದ ಪರವಾಗಿಯೂ ಅಲ್ಲ, ಹೆದರಬೇಡಿ.

ಕಾರಣ ಏನಂದರೆ, ಈ 25 ವರ್ಷದಲ್ಲಿ ನಮ್ಮ ಸಂಘ ಮುಚ್ಚಿಹೋಗುವ ಹಂತಕ್ಕೆ ಬಂದದ್ದು ಬರಗಾಲದಿಂದಲ್ಲ, ಕಾಲುಬಾಯಿ ಜ್ವರದಿಂದಲೂ ಅಲ್ಲ. ಒಂದು ಚುನಾವಣೆಯಿಂದ. ಯಾವುದು ಅಂತ ಇಲ್ಲಿ ಕೂತವರಿಗೆ ಹೇಳಬೇಕಾಗಿಲ್ಲ. 'ಇವನು ಪಕ್ಷ ಬಿಟ್ಟ, ನಂಬಿಕೆದ್ರೋಹ ಮಾಡಿದ' ಅಂತ ಒಂದು ಮನೆಯವರ ಮೇಲೆ ಅಪವಾದ ಬಂತು. ಆ ಮನೆಯವರು, ಅವರ ದಾಯಾದಿಗಳು, ಬೀಗರು ಎಲ್ಲ ಸೇರಿ ಹತ್ತೊಂಬತ್ತು ಮನೆಯವರು ಸಂಘಕ್ಕೆ ಹಾಲು ಹಾಕುವುದನ್ನು ನಿಲ್ಲಿಸಿದರು. ಎಂಟು ತಿಂಗಳು ಖಾಸಗಿಯವರ ವ್ಯಾನಿಗೆ ಹಾಕಿದರು. ನಮ್ಮ ಕ್ಯಾನುಗಳು ಅರ್ಧ ತುಂಬಿ ಹೋಗುತ್ತಿದ್ದವು. ಅಣ್ಣ ಇಲ್ಲಿ ಸಾಲಿನಲ್ಲಿ ನಿಂತರೆ ತಮ್ಮ ಅಲ್ಲಿ ರಸ್ತೆ ಬದಿ ನಿಲ್ಲುತ್ತಿದ್ದ. ಅವರ ತಾಯಿ ಸತ್ತಾಗ ಮಾತ್ರ ಇಬ್ಬರೂ ಒಂದೇ ಹೊಸಲು ದಾಟಿದರು.

ಆಗಿನಿಂದ ನಮ್ಮನ್ನು ಒಂದು ಪ್ರಶ್ನೆ ಕಾಡುತ್ತಿದೆ. ಪಕ್ಷ ಬದಲಿಸುವುದು ದ್ರೋಹವೇ? ಹಾಗಾದರೆ ಈ ಸಭೆಯಲ್ಲಿ ಬದಲಿಸದವರು ಯಾರಿದ್ದಾರೆ?

ಮೊದಲು ಹಿರಿಯರ ಕಾಲದಿಂದ ಬರೋಣ. 1952ರ ಮೊದಲ ಮಹಾಚುನಾವಣೆಯಲ್ಲಿ ಚೀಟಿಯ ಮೇಲೆ ಮುದ್ರೆ ಒತ್ತುವ ಪದ್ಧತಿ ಇರಲಿಲ್ಲ. ಒಬ್ಬೊಬ್ಬ ಅಭ್ಯರ್ಥಿಗೆ ಒಂದೊಂದು ಪೆಟ್ಟಿಗೆ, ಪೆಟ್ಟಿಗೆಗೆ ಅವನ ಗುರುತು ಅಂಟಿಸಿರುತ್ತಿತ್ತು. ಓದು ಬರದವರು ಗುರುತು ನೋಡಿ ಚೀಟಿ ಇಳಿಬಿಟ್ಟು ಬರುತ್ತಿದ್ದರು. 1957ರಲ್ಲೂ ಹಾಗೆಯೇ. ಕಾಂಗ್ರೆಸ್ಸಿಗೆ ನೊಗ ಹೊತ್ತ ಜೋಡೆತ್ತು, ಪ್ರಜಾ ಸೋಷಲಿಸ್ಟರಿಗೆ ಗುಡಿಸಲು, ಜನಸಂಘಕ್ಕೆ ದೀಪ. ನಮ್ಮ ಕೇರಿಯ ಒಬ್ಬ ಅಜ್ಜಿ ಸಾಯೋತನಕ 'ನಾನು ಎತ್ತಿಗೇ ಹಾಕೋದು ಕಣಪ್ಪ' ಅನ್ನುತ್ತಿದ್ದಳು. ಪಕ್ಷದ ಹೆಸರು ಆಕೆಯ ಬಾಯಲ್ಲಿ ಬಂದದ್ದು ನಾವು ಕೇಳಿಲ್ಲ. ಉಳುವ ಎತ್ತಿಗೆ ಹಾಕದೆ ಇನ್ನು ಯಾರಿಗೆ ಹಾಕಲಿ ಅನ್ನುವುದು ಆಕೆಯ ಲೆಕ್ಕ.

1969ರಲ್ಲಿ ಕಾಂಗ್ರೆಸ್ ಒಡೆಯಿತು. ಜೋಡೆತ್ತು ಯಾರಿಗೂ ಇಲ್ಲವಾಯಿತು. ಇಂದಿರಾ ಗಾಂಧಿಯವರ ಕಡೆಗೆ ಹಸು-ಕರು ಬಂತು, ನಿಜಲಿಂಗಪ್ಪನವರ ಸಂಸ್ಥಾ ಕಾಂಗ್ರೆಸ್ಸಿಗೆ ಚರಕ ನೂಲುವ ಹೆಂಗಸು. 1978ರಲ್ಲಿ ಮತ್ತೆ ಒಡೆದಾಗ ಹಸು-ಕರುವೂ ಹೋಗಿ ಹಸ್ತ ಬಂತು. ಅದೇ ವರ್ಷ ನವೆಂಬರಿನಲ್ಲಿ ಬೇಲೂರಿನ ಪಕ್ಕದ ಚಿಕ್ಕಮಗಳೂರಿನಲ್ಲಿ ಇಂದಿರಾ ಗಾಂಧಿಯವರು ವೀರೇಂದ್ರ ಪಾಟೀಲರ ಮೇಲೆ ನಿಂತು ಗೆದ್ದರಲ್ಲ, ಆಗ ನಮ್ಮ ಕಡೆಯವರು ಭಾಷಣ ಕೇಳಲು ಲಾರಿ ಹತ್ತಿ ಹೋಗಿದ್ದರು. ಆ ವೀರೇಂದ್ರ ಪಾಟೀಲರೇ ಮುಂದೆ ಕಾಂಗ್ರೆಸ್ಸಿಗೆ ವಾಪಸು ಬಂದು 1989ರಲ್ಲಿ ಅದೇ ಪಕ್ಷದಿಂದ ಮುಖ್ಯಮಂತ್ರಿ ಆದರು! ನಾಯಕರ ವಿಷಯ ಆಮೇಲೆ ಹೇಳುತ್ತೇವೆ. ಮುಖ್ಯವಾದ ಮಾತು, ಆ ಅಜ್ಜಿ 'ನಾನು ಬದಲಾಗಲಿಲ್ಲ' ಅಂದುಕೊಂಡೇ ಎತ್ತಿನಿಂದ ಹಸುವಿಗೆ, ಹಸುವಿನಿಂದ ಕೈಗೆ ಮೂರು ಗುರುತು ದಾಟಿದ್ದಳು.

ಇನ್ನೊಂದು ಕಡೆಯ ಮನೆ ನೋಡಿ. ನಮ್ಮ ಜಿಲ್ಲೆಯಲ್ಲಿ ದೇವೇಗೌಡರ ಹಿಂದೆ ಹೋದ ಮನೆಗಳು. ಅವರು ಮೊದಲು ಕಾಂಗ್ರೆಸ್ಸಿನಲ್ಲಿದ್ದವರು, 1962ರಲ್ಲಿ ಹೊಳೆನರಸೀಪುರದಿಂದ ಪಕ್ಷೇತರರಾಗಿ ಗೆದ್ದರು. ಕಾಂಗ್ರೆಸ್ ಒಡೆದಾಗ ಸಂಸ್ಥಾ ಕಾಂಗ್ರೆಸ್, ತುರ್ತುಪರಿಸ್ಥಿತಿಯಲ್ಲಿ ಜೈಲು, 1977ರಲ್ಲಿ ಜನತಾ ಪಕ್ಷ, ಆಮೇಲೆ ಜನತಾ ದಳ, 1999ರಲ್ಲಿ ಜಾತ್ಯತೀತ ಜನತಾ ದಳ. ಅವರನ್ನೇ ನಂಬಿ ಒಂದೇ ಸಮನೆ ನಿಂತ ರೈತನೊಬ್ಬ ಎಷ್ಟು ಗುರುತಿಗೆ ಮತ ಹಾಕಿದ್ದಾನೆ ಎಣಿಸಿ. ಚರಕ, ಚಕ್ರದೊಳಗಿನ ನೇಗಿಲು ಹೊತ್ತ ರೈತ, ಚಕ್ರ, ಈಗ ತೆನೆ ಹೊತ್ತ ಮಹಿಳೆ. ಗುರುತು ಲೆಕ್ಕ ಹಿಡಿದರೆ ಊರಲ್ಲಿ ಅವನಷ್ಟು ಪಕ್ಷಾಂತರಿ ಇನ್ನೊಬ್ಬನಿಲ್ಲ. ಮನಸ್ಸು ಹಿಡಿದರೆ ಅವನಷ್ಟು ಗಟ್ಟಿಗ ಇಲ್ಲ.

ಈ ವಿಷಯದಲ್ಲಿ ಅಮೆರಿಕದ ವಿದ್ವಾಂಸರು 1960ರ ಸುಮಾರಿಗೇ ದೊಡ್ಡ ಪುಸ್ತಕ ಬರೆದಿದ್ದಾರೆ. ಅವರು ಹೇಳುವುದು ಇಷ್ಟು: ಮನುಷ್ಯ ತನ್ನ ಪಕ್ಷವನ್ನು ಅಪ್ಪ ಅಮ್ಮನ ಮನೆಯಲ್ಲೇ ಕಲಿಯುತ್ತಾನೆ, ವಯಸ್ಸಾಗುತ್ತಾ ಅದು ಗಟ್ಟಿಯಾಗುತ್ತದೆ. ಆಮೇಲೆ ಬಂದವರು ಇನ್ನೊಂದು ಮಾತು ಸೇರಿಸಿದರು. ಹದಿನೆಂಟು ಇಪ್ಪತ್ತರ ಪ್ರಾಯದಲ್ಲಿ ದೇಶದಲ್ಲಿ ಏನು ನಡೆಯುತ್ತದೋ ಅದರ ಅಚ್ಚು ಬಹಳ ಕಾಲ ಉಳಿಯುತ್ತದೆ ಅಂತ. ಅಲ್ಲಿ ನೂರೈವತ್ತು ವರ್ಷದಿಂದ ಅವೇ ಎರಡು ಪಕ್ಷ. ತಾತನ ಪಕ್ಷ ಮೊಮ್ಮಗನಿಗೆ ಸಿಗುತ್ತದೆ. ನಮ್ಮಲ್ಲಿ ತಾತನ ಪಕ್ಷ ಹುಡುಕಿಕೊಂಡು ಹೋದರೆ ಅದರ ಬೋರ್ಡೇ ಇರುವುದಿಲ್ಲ. ಆದ್ದರಿಂದ ಮೊದಲನೆಯ ಮಾತು ನಮಗೆ ಅರ್ಧ ಹೊಂದುತ್ತದೆ.

ಎರಡನೆಯ ಮಾತು ಮಾತ್ರ ನಿಜ ಅನ್ನಿಸುತ್ತದೆ. ನಮ್ಮ ಸಾಲಿನಲ್ಲಿ ನಿಲ್ಲುವವರನ್ನೇ ನೋಡಿ. ದೇವರಾಜ ಅರಸರ ಕಾಲದಲ್ಲಿ, 1974ರ ಭೂಸುಧಾರಣೆ ತಿದ್ದುಪಡಿಯಾದ ಮೇಲೆ, ಗೇಣಿ ಜಮೀನಿಗೆ ಟ್ರಿಬ್ಯೂನಲ್‌ನಲ್ಲಿ ಅರ್ಜಿ ಹಾಕಿ ಪಹಣಿಯಲ್ಲಿ ಹೆಸರು ಕಂಡ ಮನೆಗಳಲ್ಲಿ ಈಗಲೂ ಅರಸರ ಫೋಟೋ ಇದೆ. ಅದೇ ಕಾನೂನಿನಿಂದ ಜಮೀನು ಕಳೆದುಕೊಂಡ ಮನೆಗಳಿಗೂ ಅದೇ ಕಾಲವೇ ಅಚ್ಚು, ಆದರೆ ತಿರುಗುಮುರುಗು. ಮತದಾನದ ವಯಸ್ಸು 21ರಿಂದ 18ಕ್ಕೆ ಇಳಿದದ್ದು 1989ರಲ್ಲಿ. ಆ ವರ್ಷ ಮೊದಲ ಸಲ ಶಾಯಿ ಹಚ್ಚಿಸಿಕೊಂಡ ಹುಡುಗರು ಮನೆಯ ಹಿರಿಯರಿಗೆ ಹೇಳದೆ ಬೇರೆ ಕಡೆ ಹಾಕಿದ್ದನ್ನು ಈಗ ನಗುತ್ತಾ ಒಪ್ಪಿಕೊಳ್ಳುತ್ತಾರೆ. 1996ರ ಜೂನ್ 1ರಂದು ನಮ್ಮ ಜಿಲ್ಲೆಯ ರೈತನ ಮಗ ಪ್ರಧಾನಿ ಆದಾಗ ಇಪ್ಪತ್ತರ ಆಸುಪಾಸಿನಲ್ಲಿದ್ದವರ ಮುಂದೆ ಆ ಮಾತೆತ್ತಿ ನೋಡಿ. ಈಗ ಅವರು ಯಾವ ಪಕ್ಷದಲ್ಲೇ ಇರಲಿ, ದನಿ ಸ್ವಲ್ಪ ಬದಲಾಗುತ್ತದೆ.

ಆದರೆ ಅಚ್ಚು ಅಂದರೆ ಕಲ್ಲಿನ ಕೆತ್ತನೆ ಅಲ್ಲ. ಅದೇ ದೇವೇಗೌಡರನ್ನು 1998ರಲ್ಲಿ ಹಾಸನದಿಂದ ಲೋಕಸಭೆಗೆ ಕಳಿಸಿದ ನಾವು 1999ರಲ್ಲಿ ಸೋಲಿಸಿ ಜಿ. ಪುಟ್ಟಸ್ವಾಮಿಗೌಡರನ್ನು ಕಳಿಸಿದೆವು. 2004ರಲ್ಲಿ ತಿರುಗಿ ಅವರನ್ನೇ ಗೆಲ್ಲಿಸಿದೆವು. 2024ರಲ್ಲಿ ಪುಟ್ಟಸ್ವಾಮಿಗೌಡರ ಮೊಮ್ಮಗ ದೇವೇಗೌಡರ ಮೊಮ್ಮಗನ ಮೇಲೆ ಗೆದ್ದರು. 25 ವರ್ಷದ ಮೇಲೆ ಕಾಂಗ್ರೆಸ್ಸಿಗೆ ಈ ಕ್ಷೇತ್ರ ಸಿಕ್ಕಿತು. ಹೆಚ್ಚುಕಡಿಮೆ ನಮ್ಮ ಸಂಘದ ವಯಸ್ಸು.

ಮೂರೇ ತಿಂಗಳಲ್ಲಿ ಮನಸ್ಸು ಬದಲಾಯಿಸಿದ್ದೂ ಉಂಟು. 1984ರ ಡಿಸೆಂಬರಿನಲ್ಲಿ, ಇಂದಿರಾ ಗಾಂಧಿಯವರ ಹತ್ಯೆಯಾದ ಮೇಲೆ, ಕರ್ನಾಟಕದ 28 ಲೋಕಸಭಾ ಸ್ಥಾನದಲ್ಲಿ 24 ಕಾಂಗ್ರೆಸ್ಸಿಗೆ ಹೋದವು. ಜನ ನಮ್ಮ ಮೇಲೆ ವಿಶ್ವಾಸ ಇಟ್ಟಿಲ್ಲ ಅಂತ ರಾಮಕೃಷ್ಣ ಹೆಗಡೆಯವರು ರಾಜೀನಾಮೆ ಕೊಟ್ಟು ವಿಧಾನಸಭೆಗೆ ಚುನಾವಣೆ ತಂದರು. 1985ರ ಮಾರ್ಚಿನಲ್ಲಿ ಅದೇ ಜನ ಅವರ ಜನತಾ ಪಕ್ಷಕ್ಕೆ 139 ಸ್ಥಾನ ಕೊಟ್ಟರು. ಇದಕ್ಕೆ ಚಂಚಲಬುದ್ಧಿ ಅಂತ ಆಗ ಪತ್ರಿಕೆ ಓದುವವರು ಬೈದರು. ನಮ್ಮ ಊರಿನ ಒಬ್ಬ ಗಾಡಿ ಹೊಡೆಯುವವರು ಹೇಳಿದ್ದು ಬೇರೆ: 'ದಿಲ್ಲಿಗೆ ಒಂದು ಎತ್ತು, ಬೆಂಗಳೂರಿಗೆ ಒಂದು ಎತ್ತು. ಎರಡೂ ಒಂದೇ ಕೊಟ್ಟಿಗೇದಾಗ್ಬೇಕು ಅಂತ ಯಾರು ಹೇಳಿದ್ದು?' ಆಮೇಲೆ ಇಲ್ಲಿಯವರೆಗೆ, ಅಂದರೆ 2023ರವರೆಗೆ, ವಿಧಾನಸಭಾ ಚುನಾವಣೆಯಲ್ಲಿ ಆಳುತ್ತಿದ್ದ ಪಕ್ಷವನ್ನೇ ಕರ್ನಾಟಕದ ಮತದಾರ ಪುನಃ ಗೆಲ್ಲಿಸಿಲ್ಲ.

ಈಗ ನಾಯಕರ ವಿಷಯ. 1996ರಲ್ಲಿ ಜನತಾ ದಳದಿಂದ ಹಾಸನದ ಸಂಸದರಾಗಿದ್ದ ವೈ.ಎನ್. ರುದ್ರೇಶಗೌಡರು ಆಮೇಲೆ ಬೇಲೂರಿನಲ್ಲಿ ಕಾಂಗ್ರೆಸ್ ಶಾಸಕರು. ಅರಸೀಕೆರೆಯ ಕೆ.ಎಂ. ಶಿವಲಿಂಗೇಗೌಡರು 2008, 2013, 2018 ಮೂರು ಸಲ ತೆನೆ ಹೊತ್ತ ಮಹಿಳೆಯ ಗುರುತಿನಲ್ಲಿ ಗೆದ್ದು 2023ರಲ್ಲಿ ಹಸ್ತದ ಗುರುತಿನಲ್ಲಿ ಗೆದ್ದರು. ಕಾಂಗ್ರೆಸ್ಸಿನ ಮಂತ್ರಿಯಾಗಿದ್ದ ಎ. ಮಂಜು ಅವರು 2019ರಲ್ಲಿ ಕಮಲದಿಂದ ಲೋಕಸಭೆಗೆ ನಿಂತು, 2023ರಲ್ಲಿ ದಳದಿಂದ ಅರಕಲಗೂಡಿನ ಶಾಸಕರಾದರು. ನಾವು ಇದನ್ನು ತಪ್ಪು ಅಂತ ಹೇಳುತ್ತಿಲ್ಲ, ಅವರವರಿಗೆ ಅವರವರ ಕಾರಣ. ನಾವು ಕೇಳುವುದು ಇಷ್ಟೆ. ಅರಸೀಕೆರೆಯ ಮತದಾರನೊಬ್ಬ 2023ರಲ್ಲಿ ದಳ ಬಿಡದೆ ಉಳಿದರೆ ಅವನ ಶಾಸಕರು ಅವನಿಂದ ದೂರ. ಶಾಸಕರ ಜೊತೆ ಹೋದರೆ ಪಕ್ಷ ದೂರ. ಈ ಇಬ್ಬರಲ್ಲಿ ಬದಲಾದವನು ಯಾರು?

1985ರ ಪಕ್ಷಾಂತರ ನಿಷೇಧ ಕಾನೂನು ಶಾಸಕರಿಗೆ, ಸಂಸದರಿಗೆ ಮಾತ್ರ. ಮತದಾರನಿಗೆ ಅಂಥ ಕಾನೂನಿಲ್ಲ. ನಮ್ಮ ಊರಲ್ಲಿ ಮಾತ್ರ ಅದನ್ನು ಉಲ್ಟಾ ಜಾರಿ ಮಾಡಿದ್ದೇವೆ. ಶಾಸಕರು ಬದಲಾದರೆ ಹಾರ ಹಾಕುತ್ತೇವೆ, ಪಕ್ಕದ ಮನೆಯವನು ಬದಲಾದರೆ ಮಾತು ಬಿಡುತ್ತೇವೆ.

ಮೈತ್ರಿಯ ಕಥೆ ಇನ್ನೂ ಚೆಂದ. 2019ರಲ್ಲಿ ಕಾಂಗ್ರೆಸ್ಸಿಗೂ ದಳಕ್ಕೂ ಮೈತ್ರಿ ಇದ್ದದ್ದರಿಂದ ಹಾಸನದಲ್ಲಿ ಹಸ್ತದ ಗುರುತೇ ಇರಲಿಲ್ಲ. ಹುಟ್ಟಾ ಕಾಂಗ್ರೆಸ್ಸಿನವರಿಗೆ ತೆನೆಯ ಗುಂಡಿ ಒತ್ತಿ ಅಂದರು. 2024ರಲ್ಲಿ ದಳ ಬಿಜೆಪಿ ಕಡೆ ಸೇರಿತ್ತು, ಕಮಲದ ಗುರುತು ಇರಲಿಲ್ಲ. ಆಗ ಕಮಲದವರಿಗೆ ತೆನೆಯ ಗುಂಡಿ ಒತ್ತಿ ಅಂದರು. ಐದು ವರ್ಷದ ಹಿಂದೆ ಅದೇ ತೆನೆಯ ವಿರುದ್ಧ ಮನೆ ಮನೆ ತಿರುಗಿದ್ದ ಹುಡುಗರು ಅವರು. ಒಬ್ಬ ಹುಡುಗ ಬೂತಿನಿಂದ ಬಂದು 'ಮೇಷ್ಟ್ರೇ, ಬೆರಳು ಅಲ್ಲೇ ನಿಂತ್ಬುಡ್ತು' ಅಂದ. ಕೊನೆಗೆ ಯಾವುದಕ್ಕೆ ಒತ್ತಿದ ಅಂತ ನಾವು ಕೇಳಲಿಲ್ಲ. ಕೇಳಬಾರದು ಕೂಡ.

ಹೆಣ್ಣುಮಕ್ಕಳ ಮಾತು ಇಲ್ಲಿ ಹೇಳಲೇಬೇಕು. ನಮ್ಮದು ಗಡಿಯೂರು. ಅರಸೀಕೆರೆ ಕಡೆಯಿಂದ ಹಳೇಬೀಡಿಗೆ, ಬೇಲೂರಿಗೆ ಹೆಣ್ಣು ಕೊಟ್ಟು ತಂದ ಸಂಬಂಧಗಳು. ತವರಿನಲ್ಲಿ ಒಂದು ಪಕ್ಷ, ಗಂಡನ ಮನೆಯಲ್ಲಿ ಇನ್ನೊಂದು. ಮತದಾರರ ಪಟ್ಟಿಯಲ್ಲಿ ಹೆಸರು ವರ್ಗವಾದ ಹಾಗೆ ಪಕ್ಷವೂ ವರ್ಗವಾಯಿತು ಅಂತ ಗಂಡಸರು ತಿಳಿದಿದ್ದರು. 2023ರಲ್ಲಿ ಅರಸೀಕೆರೆಯಲ್ಲಿ ಕಾಂಗ್ರೆಸ್, ಬೇಲೂರಿನಲ್ಲಿ ಬಿಜೆಪಿಯ ಎಚ್.ಕೆ. ಸುರೇಶ್ ಗೆದ್ದಾಗ ಎರಡು ಕಡೆಯ ಬೀಗರೂ ಒಂದೇ ಮದುವೆ ಚಪ್ಪರದಲ್ಲಿ ಪಟಾಕಿ ಹೊಡೆದರು. ಆದರೆ ಈಗ ಉಚಿತ ಬಸ್ಸು, ಗೃಹಲಕ್ಷ್ಮಿಯ ಎರಡು ಸಾವಿರ ಬಂದ ಮೇಲೆ, ಅದಕ್ಕಿಂತ ಮುಂಚೆ ಹಾಲಿನ ಬಟವಾಡೆ ಅವರ ಹೆಸರಿನ ಖಾತೆಗೇ ಬೀಳತೊಡಗಿದ ಮೇಲೆ, ಅನೇಕ ಮನೆಗಳಲ್ಲಿ ಹೆಂಗಸರು ಗಂಡ ಹೇಳಿದ್ದನ್ನು ಕೇಳಿಸಿಕೊಂಡು ಸುಮ್ಮನೆ ತಲೆಯಾಡಿಸಿ ತಮ್ಮ ಪಾಡಿಗೆ ಹಾಕಿ ಬರುತ್ತಾರೆ. ಮುಂದಿನ ಸಾಲಿನಲ್ಲಿ ಕೂತಿರುವವರು ನಗುತ್ತಿದ್ದಾರೆ, ನೋಡಿ.

ಬೇಲೂರು ಸೀಮೆಯವರಿಗೆ ಇದು ಹೊಸದೇನಲ್ಲ. ಬಿಟ್ಟಿದೇವ ರಾಮಾನುಜರ ಪ್ರಭಾವದಿಂದ ವೈಷ್ಣವನಾಗಿ ವಿಷ್ಣುವರ್ಧನನಾದ ಅಂತ ಹೇಳುತ್ತಾರೆ. 1117ರಲ್ಲಿ ಚೆನ್ನಕೇಶವನ ಪ್ರತಿಷ್ಠೆ ಮಾಡಿಸಿದ. ರಾಣಿ ಶಾಂತಲೆ ಜೈನಳಾಗಿಯೇ ಉಳಿದು ಶ್ರವಣಬೆಳಗೊಳದಲ್ಲಿ ಬಸದಿ ಕಟ್ಟಿಸಿದಳು. ಒಂದೇ ಅರಮನೆ, ಒಂದೇ ಅಡುಗೆಮನೆ. ಯಾರೂ ಹಾಲು ನಿಲ್ಲಿಸಲಿಲ್ಲ.

ಹಾಲಿನ ವಿಷಯಕ್ಕೇ ಬರೋಣ. ಲೀಟರಿಗೆ ಎರಡು ರೂಪಾಯಿ ಸರ್ಕಾರದ ಪ್ರೋತ್ಸಾಹಧನ ಶುರುವಾದದ್ದು 2008ರಲ್ಲಿ, ಬಿಜೆಪಿ ಸರ್ಕಾರದಲ್ಲಿ. 2013ರಲ್ಲಿ ಕಾಂಗ್ರೆಸ್ ಸರ್ಕಾರ ಅದನ್ನು ನಾಲ್ಕು ಮಾಡಿತು, ಆಮೇಲೆ ಐದು. ನಮ್ಮ ಜಿಲ್ಲೆಯ ಒಕ್ಕೂಟದಲ್ಲಿ ದಳದವರ ಕೈ ಬಹಳ ಕಾಲದಿಂದ ಇದೆ. ಅಂದಮೇಲೆ ನಿಮ್ಮ ಕೊಟ್ಟಿಗೆಯ ಎಚ್.ಎಫ್. ಹಸುವಿಗೆ ಯಾವ ಪಕ್ಷದ ಋಣ? ಬೇಡಿಕೆ ಬಾಕಿ ಇರುವುದೂ ಎಲ್ಲರಿಗೂ ಒಂದೇ. ಹಳೇಬೀಡು ಕಡೆಯವರಿಗೆ ಕೆರೆ ತುಂಬಬೇಕು, ಅರಸೀಕೆರೆ ಕಡೆಯವರಿಗೆ ತೆಂಗು ಒಣಗದಂತೆ ನೀರು, ಕೊಬ್ಬರಿಗೆ ಬೆಲೆ. ರಣಘಟ್ಟ, ಎತ್ತಿನಹೊಳೆ ಅಂತ ಪ್ರತಿ ಚುನಾವಣೆಯಲ್ಲಿ ಹೆಸರು ಕೇಳಿದ ರೈತ ಒಂದು ಸಲ ಇವರನ್ನು, ಒಂದು ಸಲ ಅವರನ್ನು ನೋಡಿದರೆ ಅದನ್ನು ದ್ರೋಹ ಅನ್ನಬೇಕೋ, ಕೊಟ್ಟ ಸಾಲ ವಸೂಲಿಗೆ ಬಾಗಿಲು ಬಾಗಿಲು ತಿರುಗುವುದು ಅನ್ನಬೇಕೋ ನೀವೇ ಹೇಳಿ.

ಹಾಗಂತ ಬದಲಾಗುವವರೆಲ್ಲ ಯೋಚಿಸಿಯೇ ಬದಲಾಗುತ್ತಾರೆ ಅಂತ ನಾವು ಸುಳ್ಳು ಹೇಳುವುದಿಲ್ಲ. ಹಿಂದಿನ ರಾತ್ರಿ ಬಂದ ಕವರಿಗೆ ಬದಲಾದವರಿದ್ದಾರೆ. ಜಾತಿಯವನು ನಿಂತ ಅಂತ ಬದಲಾದವರಿದ್ದಾರೆ. ಬದಲಾಗದವರಲ್ಲೂ ಅಷ್ಟೆ, ಯೋಚಿಸಿ ಉಳಿದವರು ಕೆಲವರು, ಊರಲ್ಲಿ ಏನಂದಾರು ಅಂತ ಹೆದರಿ ಉಳಿದವರು ಬಹಳ ಜನ. ಆಶ್ರಯ ಮನೆ ಪಟ್ಟಿಯಲ್ಲಿ, ಬೋರ್‌ವೆಲ್ ಪಟ್ಟಿಯಲ್ಲಿ ಹೆಸರು ಬಿಟ್ಟುಹೋದೀತು ಅನ್ನುವ ಹೆದರಿಕೆ ಸುಳ್ಳಲ್ಲ. ನಮಗೂ ಅದು ಇತ್ತು. ನಾವೂ ನಮ್ಮ ಆಯುಷ್ಯದಲ್ಲಿ ಮೂರು ಕಡೆ ಹಾಕಿದ್ದೇವೆ, ಎರಡು ಸಲ ಮನಸ್ಸಿನಿಂದ, ಒಂದು ಸಲ ಹೆದರಿ. ಆ ಒಂದು ಸಲದ ಬಗ್ಗೆ ಮಾತ್ರ ಈಗಲೂ ಬೇಜಾರಿದೆ.

ಗ್ರಾಮ ಪಂಚಾಯಿತಿ ಚುನಾವಣೆಯನ್ನು ಪಕ್ಷದ ಗುರುತಿಲ್ಲದೆ ನಡೆಸಬೇಕು ಅಂತ ಕಾನೂನು ಮಾಡಿದವರು, ಊರಿನ ಬಾಗಿಲಿಗೆ ಪಕ್ಷ ಬಂದರೆ ಏನಾಗುತ್ತದೆ ಅಂತ ತಿಳಿದೇ ಮಾಡಿರಬೇಕು. ನಮ್ಮ ಸಂಘದ ಚುನಾವಣೆಯಲ್ಲೂ ಗುರುತಿನ ಹಿಂದೆ ಪಕ್ಷವಿಲ್ಲ. ಕಾಗದದ ಮೇಲೆ ಇಲ್ಲ, ಅಷ್ಟೆ.

ಆ ಹತ್ತೊಂಬತ್ತು ಮನೆಯವರು ಹೇಗೆ ವಾಪಸು ಬಂದರು ಅಂತ ಹೊಸ ಸದಸ್ಯರಿಗೆ ಗೊತ್ತಿರಲಿಕ್ಕಿಲ್ಲ. ರಾಜಿ ಪಂಚಾಯಿತಿ ನಡೆಯಲಿಲ್ಲ. ಖಾಸಗಿ ವ್ಯಾನಿನವನು ಎರಡು ಬಟವಾಡೆ ಬಾಕಿ ಉಳಿಸಿಕೊಂಡು ಒಂದು ದಿನ ಬರಲೇ ಇಲ್ಲ. ಸಂಜೆ ಏಳರ ಹೊತ್ತಿಗೆ ತಮ್ಮನ ಹೆಂಡತಿ ಕ್ಯಾನು ಹಿಡಿದು ನಮ್ಮ ಬಾಗಿಲಲ್ಲಿ ನಿಂತಳು. ಆಗಿನ ಕಾರ್ಯದರ್ಶಿಗಳು ಒಂದೂ ಮಾತಾಡಲಿಲ್ಲ. ಹಳೇ ಪಾಸ್‌ಬುಕ್ಕನ್ನು ಬೀರುವಿನಿಂದ ತೆಗೆದು ಧೂಳು ಒರೆಸಿ, ಹಾಲು ಅಳೆದು, ಫ್ಯಾಟ್ ನೋಡಿ, ಅದೇ ಸದಸ್ಯ ಸಂಖ್ಯೆಯ ಎದುರು ಬರೆದುಕೊಂಡರು. ಮಾರನೆಯ ದಿನ ಬೆಳಗ್ಗೆ ಇನ್ನೂ ಆರು ಜನ ಬಂದರು. ಆ ಅಣ್ಣತಮ್ಮಂದಿರು ಇಬ್ಬರೂ ಇವತ್ತು ಈ ಸಭೆಯಲ್ಲಿದ್ದಾರೆ. ಈಗಲೂ ಒಂದೇ ಪಕ್ಷದಲ್ಲಿಲ್ಲ, ಒಂದೇ ಬೆಂಚಿನ ಮೇಲಿದ್ದಾರೆ.

ಸಂಜೆಯ ಹಾಲಿನ ಹೊತ್ತಾಯಿತು, ಲಾರಿ ಕಾಯುವುದಿಲ್ಲ.