ಕೆರೆಯ ಹೊಣೆ ಯಾರದು?

ಕನ್ನಡ ನಾಡಿನ ಶಾಸನಗಳಲ್ಲಿ ಬಿತ್ತುವಟ್ಟ ಎಂಬ ದತ್ತಿಯ ಹೆಸರು ಮತ್ತೆ ಮತ್ತೆ ಬರುತ್ತದೆ. ಕೆರೆಯನ್ನು ಕಟ್ಟಿ ಕಾಪಾಡುವ ಕೆಲಸಕ್ಕೆಂದು ಅದರ ನೀರುಣ್ಣುವ ಭೂಮಿಯಲ್ಲಿಯೇ ಪಾಲು ಬಿಡುವ ಏರ್ಪಾಡು ಅದು. ಹೂಳು ಹೊರುವ ಬಂಡಿಯ ಖರ್ಚಿಗೂ ಹೀಗೆ ದತ್ತಿ ಬಿಟ್ಟವರಿದ್ದಾರೆ. ತೂಬು ನೋಡಿಕೊಳ್ಳುವ ನೀರುಗಂಟಿಗೆ ಸುಗ್ಗಿಯಲ್ಲಿ ಕಣದಿಂದಲೇ ಕಾಳು ಸಲ್ಲುತ್ತಿತ್ತು. ಕೆರೆ ಒಣಗಿದ ವರ್ಷ ಅವನ ಮನೆಗೂ ಕಾಳಿಲ್ಲ. ಕಾಯುವ ಹೊಣೆಯೂ ಅದರ ಫಲವೂ ಹೀಗೆ ಒಂದೇ ಕಡೆ ಕೂಡಿದ್ದರಿಂದ ಕೆರೆಗಳು ಉಳಿದವು ಎಂಬುದು ನನ್ನ ವಾದ.

ಆ ನಂಟು ಸಡಿಲಿದ್ದು ಆಮೇಲೆ. 1831ರಲ್ಲಿ ಮೈಸೂರಿನ ಆಡಳಿತ ಬ್ರಿಟಿಷ್ ಕಮಿಷನರುಗಳ ಕೈ ಸೇರಿತು. 1856ರಲ್ಲಿ ಲೋಕೋಪಯೋಗಿ ಇಲಾಖೆ ಹುಟ್ಟಿತು. ಸರ್ಕಾರದ ಕಣ್ಣಿಗೆ ಕೆರೆಯೆಂದರೆ ಮೊದಲಿಗೆ ಕಂದಾಯ, ದುರಸ್ತಿಯೆಂದರೆ ಅಂದಾಜುಪಟ್ಟಿ. ಏರಿ ಬಿರಿದರೆ ಮಣ್ಣು ಹಾಕುತ್ತಿದ್ದ ಊರು ಅರ್ಜಿ ಬರೆಯುವ ಊರಾಯಿತು. 1911ರಲ್ಲಿ ಮೈಸೂರು ಸಂಸ್ಥಾನ ಕೆರೆ ಪಂಚಾಯ್ತಿಗಳಿಗಾಗಿ ಕಾಯಿದೆ ತಂದರೂ ಹಳೆಯ ನಂಟು ಮರಳಲಿಲ್ಲ. ಆಮೇಲೆ ಬೋರ್‌ವೆಲ್ ಬಂತು; ಅನುಕೂಲಸ್ಥ ರೈತನಿಗೆ ತೂಬಿನ ಹಂಗೇ ತಪ್ಪಿತು.

ಹಳೆಯ ಪದ್ಧತಿಯನ್ನು ಹೊಗಳುವುದು ಜಾತಿಯ ಯಜಮಾನಿಕೆಯನ್ನು ಹೊಗಳಿದಂತಲ್ಲವೇ ಎಂಬ ಆಕ್ಷೇಪ ಗಟ್ಟಿಯಾದದ್ದು. ಹೌದು, ಬಿಟ್ಟಿ ದುಡಿಮೆ ಆ ಏರಿಗಳಲ್ಲಿ ಸೇರಿದೆ. ಎಷ್ಟೋ ಊರುಗಳಲ್ಲಿ ನೀರುಗಂಟಿ ದಲಿತನಾಗಿದ್ದ. ನೀರು ಹಂಚುವ ಅವನಿಗೆ ಊರಿನ ತೀರ್ಮಾನದಲ್ಲಿ ದನಿಯಿರಲಿಲ್ಲ. ಆ ಅನ್ಯಾಯ ಮರಳಬಾರದು. ಆದರೆ ಅನ್ಯಾಯ ನಡೆದದ್ದು ಪಾಲು ಕೆಲವರಿಗಷ್ಟೇ ಸಿಕ್ಕಿದ್ದರಿಂದ. ಅದಕ್ಕೆ ಪರಿಹಾರ ಪಾಲುದಾರರನ್ನು ಹೆಚ್ಚಿಸುವುದೇ ಹೊರತು ಎಲ್ಲರನ್ನೂ ಹೊರಗಿಡುವುದಲ್ಲ.

ಹೊರಗಿಟ್ಟರೆ ಏನಾಗುತ್ತದೆಂದು ಬೆಂಗಳೂರಿನಲ್ಲಿ ನೋಡಬಹುದು. ಅಲ್ಲಿ ಗದ್ದೆಗಳೇ ಉಳಿಯಲಿಲ್ಲ. ಕೆರೆಯ ಬೆಲೆ ವಾಯುವಿಹಾರಕ್ಕೂ ನಿವೇಶನಕ್ಕೂ ತಿರುಗಿತು. 2002ರಲ್ಲಿ ಕೆರೆ ಅಭಿವೃದ್ಧಿ ಪ್ರಾಧಿಕಾರ ಬಂದು, ಕೆಲವು ಕೆರೆಗಳು ಖಾಸಗಿ ಕಂಪನಿಗಳಿಗೆ ಗುತ್ತಿಗೆಗೆ ಹೋದವು. ಮೀನು ಹಿಡಿಯುವವರು, ಹುಲ್ಲು ಕೊಯ್ಯುವವರು ಬೇಲಿಯಾಚೆ ಉಳಿದರು. ವಿಷಯ ಹೈಕೋರ್ಟಿಗೆ ಹೋಯಿತು. 2014ರಲ್ಲಿ ಕೆರೆ ಸಂರಕ್ಷಣೆಗೇ ಪ್ರತ್ಯೇಕ ಕಾಯಿದೆ ಆಯಿತು. ಕೊಳಚೆ ನೀರು ಶುದ್ಧಮಾಡುವುದು ಊರವರಿಂದಾಗದು, ತಜ್ಞರೇ ಬೇಕು ಎನ್ನುವವರಿದ್ದಾರೆ. ಶುದ್ಧೀಕರಣ ಘಟಕ ನಡೆಸಲು ತಜ್ಞರು ಬೇಕೇಬೇಕು, ಒಪ್ಪುತ್ತೇನೆ. ಆದರೆ ನೀರಿನ ಮೇಲೆ ಕಣ್ಣಿಡುವ ಹಕ್ಕು ಅದನ್ನು ಬಳಸುವವರದು. 2018ರಿಂದ ಬೆಂಗಳೂರಿನ ಸಂಸ್ಕರಿಸಿದ ನೀರು ಕೋಲಾರದ ಕೆರೆಗಳನ್ನು ತುಂಬುತ್ತಿದೆ. ಆ ನೀರಿನ ಪರೀಕ್ಷೆಯ ವರದಿ ದನ ಮೇಯಿಸುವವರಿಗೂ ಮೀನುಗಾರರಿಗೂ ಕನ್ನಡದಲ್ಲಿ, ತಿಂಗಳು ತಿಂಗಳೂ, ಗ್ರಾಮಸಭೆಯಲ್ಲಿ ಸಿಗಬೇಕು. ವರದಿ ಕೆಟ್ಟದಾಗಿದ್ದರೆ ನೀರು ನಿಲ್ಲಿಸಿ ಎನ್ನುವ ಅಧಿಕಾರವೂ ಆ ಸಭೆಗೆ ಕಾಯಿದೆಯಿಂದಲೇ ಬರಬೇಕು.