ಎತ್ತರಕ್ಕೆ ಪೌಡರ್ ಬೇಕೇ?
(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣ)



ಮಹೋತ್ಸವಕ್ಕೆ ಕೂಡಿದ ಹಣದಲ್ಲಿ ಉಳಿದದ್ದರಿಂದ ಮಕ್ಕಳಿಗೆ ಎತ್ತರ ಬೆಳೆಸುವ ಪೌಡರ್ ಡಬ್ಬಿ ಹಂಚೋಣ ಎಂದು ನಮ್ಮ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಗೆಳೆಯರೊಬ್ಬರು ಸೂಚಿಸಿದರು. ಅವರ ಮನಸ್ಸು ಒಳ್ಳೆಯದು. ಬೇಡ ಎಂದವನು ನಾನೊಬ್ಬನೇ. ಯಾಕೆ ಬೇಡವೆಂದು ಎಲ್ಲರ ಮುಂದೆ ಹೇಳು ಎಂದು ವಿಜ್ಞಾನದ ಮೇಷ್ಟ್ರು ಅಪ್ಪಣೆ ಮಾಡಿದರು. ನಾನು ಡಾಕ್ಟರಲ್ಲ, ಬಿ.ಇ. ಓದಿ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುವವನು. ಆದರೂ ಓದಿಕೊಂಡು ಬಂದಿದ್ದೇನೆ.

ನಮ್ಮ ಕೈಕಾಲಿನ ಉದ್ದ ಮೂಳೆಗಳ ತುದಿಯ ಬಳಿ ಮೃದ್ವಸ್ಥಿಯ ತೆಳು ಪದರವಿರುತ್ತದೆ. ಮೂಳೆ ಉದ್ದವಾಗುವುದು ಅಲ್ಲಿ. ಹರೆಯದ ಹಾರ್ಮೋನುಗಳು ಮೊದಲು ಅದನ್ನು ಚುರುಕುಗೊಳಿಸುತ್ತವೆ, ಆಮೇಲೆ ಅವೇ ಅದನ್ನು ಗಟ್ಟಿ ಮೂಳೆಯಾಗಿಸಿ ಬೆಳವಣಿಗೆ ನಿಲ್ಲಿಸುತ್ತವೆ. ಹುಡುಗಿಯರಲ್ಲಿ ಸಾಮಾನ್ಯವಾಗಿ 14ರಿಂದ 16, ಹುಡುಗರಲ್ಲಿ 16ರಿಂದ 19 ವರ್ಷದೊಳಗೆ ಈ ಬಾಗಿಲು ಮುಚ್ಚುತ್ತದೆ. ಆಮೇಲೆ ಪೌಡರಾಗಲಿ, ಮಾತ್ರೆಯಾಗಲಿ, ಕಂಬಿಗೆ ಜೋತುಬೀಳುವ ಕಸರತ್ತಾಗಲಿ ಅದನ್ನು ತೆರೆಯಲಾರದು. ಪೊಲೀಸ್ ಕಾನ್‌ಸ್ಟೆಬಲ್ ಹುದ್ದೆಗೆ 168 ಸೆಂ.ಮೀ. ಬೇಕೆಂದು ನಮ್ಮ ಕಡೆಯ ಹುಡುಗರು ಇಪ್ಪತ್ತೊಂದನೇ ವಯಸ್ಸಿಗೆ ಡಬ್ಬಿ ತರಿಸುತ್ತಾರೆ. ಎರಡು ಸೆಂಟಿಮೀಟರ್ ಸಾಲದೆ ವಾಪಸ್ ಬಂದವನ ಸಂಕಟ ಈ ಊರಿಗೆ ಗೊತ್ತು. ಆ ಸಂಕಟವೇ ಡಬ್ಬಿ ಮಾರುವವರ ಬಂಡವಾಳ.

ಹಾಗಾದರೆ ಹದಿಮೂರು, ಹದಿನಾಲ್ಕರ ಮಕ್ಕಳಿಗೆ ಕೊಡಬಹುದಲ್ಲ ಎನ್ನುತ್ತೀರಿ. “ಡಬ್ಬಿ ಶುರು ಮಾಡಿದ ಆರು ತಿಂಗಳಿಗೆ ನಮ್ಮ ಹುಡುಗ ಎರಡಿಂಚು ಬೆಳೆದ” ಎನ್ನುವ ತಾಯಿ ಸುಳ್ಳು ಹೇಳುತ್ತಿಲ್ಲ. ಆದರೆ ಆ ವಯಸ್ಸಿನ ಬೆಳವಣಿಗೆ ಜೋರಾಗಿರುವಾಗ ಹುಡುಗ ವರ್ಷಕ್ಕೆ 8ರಿಂದ 10 ಸೆಂ.ಮೀ. ಮುದ್ದೆ ಸಾರು ಉಂಡೇ ಬೆಳೆಯುತ್ತಾನೆ. ಆರು ತಿಂಗಳಿಗೆ ಎರಡಿಂಚು ಎಂದರೆ ಅದೇ ಲೆಕ್ಕ. ಹುಡುಗಿಯರಿಗೆ ಈ ಜೋರು ಒಂದೆರಡು ವರ್ಷ ಮೊದಲೇ ಬಂದು ಹೋಗುತ್ತದೆ. ತನ್ನ ಕೋಳಿ ಕೂಗಿದ್ದಕ್ಕೇ ಬೆಳಗಾಯಿತು ಎಂದ ಅಜ್ಜಿಯ ಹಾಗೆ, ಡಬ್ಬಿಗೆ ಸಲ್ಲದ ಹೆಸರು ಡಬ್ಬಿಗೆ ಬರುತ್ತದೆ. ನಮ್ಮ ಕೆಲಸದಲ್ಲಿ ಹೊಸ ಬದಲಾವಣೆಯಿಂದ ಲಾಭವಾಯಿತೇ ಎಂದು ತಿಳಿಯಲು ಅರ್ಧ ಜನರಿಗೆ ಹೊಸದು, ಇನ್ನರ್ಧಕ್ಕೆ ಹಳೆಯದೇ ಕೊಟ್ಟು ಹೋಲಿಸುತ್ತೇವೆ. ಡಬ್ಬಿ ಕುಡಿಯದ ಪಕ್ಕದ ಮನೆ ಹುಡುಗನನ್ನು ಯಾರು ಅಳೆದರು? ಇನ್ನೊಂದು ತಮಾಷೆಯಿದೆ. ಬೆಳಿಗ್ಗೆ ಎದ್ದಾಗ ನಾವೆಲ್ಲ ಸಂಜೆಗಿಂತ ಸುಮಾರು ಒಂದು ಸೆಂ.ಮೀ. ಎತ್ತರ ಇರುತ್ತೇವೆ. ಮೊದಲ ಅಳತೆ ಸಂಜೆ, ಎರಡನೆಯದು ಬೆಳಿಗ್ಗೆ ತೆಗೆದರೆ ಅಷ್ಟು ಪುಕ್ಕಟೆ.

ಕೊರತೆ ಇದ್ದರೆ ಮಾತು ಬೇರೆ. ಪ್ರೋಟೀನ್, ಜಿಂಕ್, ವಿಟಮಿನ್ ಡಿ ಸಾಲದ ಮಗುವಿಗೆ ಅದನ್ನು ತುಂಬಿಕೊಟ್ಟರೆ ತನ್ನ ಪಾಲಿನ ಎತ್ತರ ಮುಟ್ಟಲು ನೆರವಾಗುತ್ತದೆ. ಅಪ್ಪ ಅಮ್ಮನಿಂದ ಬಂದ ಮಿತಿಯನ್ನು ದಾಟಿಸುವುದಿಲ್ಲ. ದಕ್ಷಿಣ ಕೊರಿಯದ ಹೆಂಗಸರು ನೂರು ವರ್ಷದಲ್ಲಿ 20 ಸೆಂ.ಮೀ. ಎತ್ತರವಾದರು ಎಂದು 2016ರಲ್ಲಿ ಪ್ರಕಟವಾದ ಜಾಗತಿಕ ಅಧ್ಯಯನ ಹೇಳುತ್ತದೆ. ಇಂಥದ್ದು ಹೊಟ್ಟೆ ತುಂಬಾ ಒಳ್ಳೆಯ ಊಟ ಸಿಕ್ಕಿ, ಎಳೆತನದ ಕಾಯಿಲೆಗಳು ತಗ್ಗಿದಾಗ ಆಗುವ ಮಾತು. ನಮ್ಮ ಶಾಲೆಯಲ್ಲೂ ಬಿಸಿಯೂಟವಿದೆ, ಮೊಟ್ಟೆಯಿದೆ, 2013ರಿಂದ ಕ್ಷೀರಭಾಗ್ಯದ ಹಾಲಿದೆ, ವಾರಕ್ಕೊಂದು ಕಬ್ಬಿಣಾಂಶದ ಮಾತ್ರೆಯಿದೆ. ಮಾತ್ರೆ ಕಿಟಕಿಯಾಚೆ ಎಸೆಯುವವರು ಯಾರೆಂದು ಇವತ್ತು ಕೇಳುವುದಿಲ್ಲ. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಇದೆ. ಎಷ್ಟೋ ಡಬ್ಬಿಗಳ ಹಿಂಬದಿ ಓದಿದರೆ ಮೊದಲ ಸಾಲುಗಳಲ್ಲೇ ಸಕ್ಕರೆ ಕಾಣುತ್ತದೆ.

ಎತ್ತರ ಹೆಚ್ಚಿಸುವ ಔಷಧಿ ಎಂದು ಜಾಹೀರಾತು ಕೊಡುವುದನ್ನು 1954ರ ಔಷಧಿ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆಯೇ ನಿಷೇಧಿಸಿದೆ. ಅದಕ್ಕೇ ಜಾಣರು ಔಷಧಿ ಎನ್ನದೆ ಪೂರಕ ಆಹಾರ ಎಂದು ಮಾರುತ್ತಾರೆ.

ನನಗೆ ದುಡ್ಡು ಹೋಗುವುದಕ್ಕಿಂತ ದೊಡ್ಡ ಭಯ ಒಂದಿದೆ. ಥೈರಾಯ್ಡ್ ಅಥವಾ ಬೆಳವಣಿಗೆಯ ಹಾರ್ಮೋನಿನ ಕೊರತೆಯಿಂದ ಗಿಡ್ಡಗಿರುವ ಮಕ್ಕಳೂ ಇರುತ್ತಾರೆ. ಅವರಿಗೆ ಚಿಕಿತ್ಸೆಯಿದೆ, ಆದರೆ ಮೂಳೆಯ ಆ ಪದರ ಮುಚ್ಚುವ ಮೊದಲೇ ಆಗಬೇಕು. ಡಬ್ಬಿಯನ್ನು ನಂಬಿ ಎರಡು ವರ್ಷ ಕಾದರೆ ಆ ಮಗುವಿನ ಸಮಯವೇ ಮುಗಿದಿರುತ್ತದೆ. ಹರೆಯಕ್ಕೆ ಮುಂಚಿನ ಮಗು ವರ್ಷಕ್ಕೆ ನಾಲ್ಕು ಸೆಂ.ಮೀ. ಕೂಡ ಬೆಳೆಯದಿದ್ದರೆ, ಹದಿನಾಲ್ಕಾದರೂ ಹರೆಯದ ಲಕ್ಷಣ ಕಾಣದಿದ್ದರೆ, ಶಾಲೆಗೆ ಬರುವ ಆರ್‌ಬಿಎಸ್‌ಕೆ ತಂಡದ ಡಾಕ್ಟರಿಗೆ ತೋರಿಸಬೇಕು. ಅವರು ಜಿಲ್ಲಾ ಆಸ್ಪತ್ರೆಗೆ ಬರೆದುಕೊಡುತ್ತಾರೆ. ಅಲ್ಲಿ ಕೈಯ ಎಕ್ಸ್‌ರೇ ತೆಗೆದು ಮೂಳೆಯ ವಯಸ್ಸು ನೋಡುತ್ತಾರೆ.

ಅದು ತಿಳಿಯಬೇಕಾದರೆ ಅಳತೆ ಬರೆದಿಟ್ಟಿರಬೇಕು. ಆದ್ದರಿಂದ ನನ್ನ ಸೂಚನೆ ಇದು. ಶಾಲೆಗೆ ಒಂದು ಒಳ್ಳೆಯ ಎತ್ತರ ಅಳೆಯುವ ಕೋಲು, ಒಂದು ದಪ್ಪ ರಿಜಿಸ್ಟರ್. ಜೂನ್ ಮತ್ತು ಡಿಸೆಂಬರಿನಲ್ಲಿ, ಪ್ರಾರ್ಥನೆ ಮುಗಿದ ಕೂಡಲೇ, ಚಪ್ಪಲಿ ಬಿಚ್ಚಿಸಿ ಅಳೆಯುವುದು. ಗಿಡ್ಡಗಿದ್ದಾರೆಂದು ಯಾರನ್ನೂ ಸಾಲಿನಲ್ಲಿ ನಿಲ್ಲಿಸಿ ನಗಿಸದೆ, ಒಬ್ಬೊಬ್ಬರನ್ನೇ ಕರೆದು ಅಳೆಯಬೇಕು. ದೈಹಿಕ ಶಿಕ್ಷಕರು ಒಪ್ಪಿದ್ದಾರೆ. ಕೋಲಿನ ಖರ್ಚು ನನ್ನದು. ಉಳಿದ ಹಣದ ಮಾತು ಊಟವಾದ ಮೇಲೆ ಸಂಘದ ಸಭೆಯಲ್ಲಿ ಆಡೋಣ.