ಕಾಯಕವೂ ಸಂದೇಹಿಗಳೂ

 

ತರುಣರ ಏಳಿಗೆಯನ್ನು ಕುರಿತು ನಾಲ್ಕು ಮಾತುಗಳನ್ನಾಡಬೇಕೆಂದು ಅಪ್ಪಣೆಯಾಗಿದೆ. ದೊಡ್ಡದನ್ನು ಬಯಸಿರಿ, ದುಡಿಯಿರಿ, ಸಂಶಯಿಸುವವರ ಕಡೆ ತಿರುಗಿಯೂ ನೋಡದಿರಿ ಎನ್ನುವುದು ಇಂತಹ ಸಭೆಗಳ ವಾಡಿಕೆ. ಮೊದಲೆರಡಕ್ಕೆ ನನ್ನ ಒಪ್ಪಿಗೆಯುಂಟು, ಮೂರನೆಯದಕ್ಕೆ ಇಲ್ಲ.

ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯನ್ನು ನಿಮ್ಮಲ್ಲಿ ಅನೇಕರು ಬಲ್ಲಿರಿ. ರೈತನು ಹಗಲಿರುಳೆನ್ನದೆ ಸೊಪ್ಪು ಹಾಕಿ, ಹುಳುಗಳನ್ನು ನಾಲ್ಕು ಜ್ವರಗಳಿಂದ ದಾಟಿಸಿ, ಹಣ್ಣಾದವುಗಳನ್ನು ಚಂದ್ರಿಕೆಗೆ ಬಿಟ್ಟು, ಗೂಡು ತಂದಿರುತ್ತಾನೆ. ನೂಲು ತೆಗೆಯುವವನು ಕೆಲವನ್ನು ಕೈಗೆತ್ತಿ, ಅದುಮಿ, ಕಿವಿಯ ಬಳಿ ಅಲುಗಿಸಿ ನೋಡುತ್ತಾನೆ. ಅದು ಅವಮಾನವಲ್ಲ, ಪರೀಕ್ಷೆ. ರೈತನು ಮುನಿದು ಮೂಟೆ ಕಟ್ಟಿದರೆ ನಷ್ಟ ಯಾರಿಗೆ? ಗೂಡನ್ನು ಮುಟ್ಟದೆಯೇ "ಇವನಿಂದೇನಾದೀತು" ಎಂದು ನಗುವವನ ಮಾತು ಬೇರೆ. ಅವನಿಗೆ ಕಿವಿಗೊಡಬೇಕಾದುದಿಲ್ಲ. ಇವರಿಬ್ಬರನ್ನು ವಿಂಗಡಿಸಿ ಅರಿಯುವುದೇ ಕಷ್ಟ.

ಸರ್ ಎಂ. ವಿಶ್ವೇಶ್ವರಯ್ಯನವರು ಅದನ್ನು ಅರಿತಿದ್ದರು. ಮುದ್ದೇನಹಳ್ಳಿಯಲ್ಲಿ ಹುಟ್ಟಿ, ಚಿಕ್ಕಬಳ್ಳಾಪುರದ ಶಾಲೆಯಲ್ಲಿ ಕಲಿತು, ಎಳವೆಯಲ್ಲಿಯೇ ತಂದೆಯನ್ನು ಕಳೆದುಕೊಂಡು, ಮನೆಪಾಠ ಹೇಳುತ್ತ 1881ರಲ್ಲಿ ಬಿ.ಎ. ಮುಗಿಸಿದವರು ಅವರು. ಕನ್ನಂಬಾಡಿಯ ಕಟ್ಟೆಯನ್ನು ಅವರು ಸೂಚಿಸಿದಾಗ, ಅಷ್ಟು ಹಣ ಹೂಡಿದರೆ ಪ್ರತಿಫಲವೇನೆಂದು ಸಂಸ್ಥಾನದ ಅಧಿಕಾರಿಗಳೇ ಶಂಕಿಸಿದರು. ಆ ಶಂಕೆ ನ್ಯಾಯವಾದುದೇ, ಹಣ ಪ್ರಜೆಗಳದು. ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುಚ್ಛಕ್ತಿಯನ್ನೊದಗಿಸಿ ಬರುವ ಆದಾಯದ ಲೆಕ್ಕವನ್ನು ಅವರು ಮುಂದಿಟ್ಟರು. 1911ರಲ್ಲಿ ಕೆಲಸ ಮೊದಲಾಯಿತು. ಮದರಾಸು ಸರ್ಕಾರವು ಸುಮಾರು 80 ಅಡಿಯ ಎತ್ತರಕ್ಕೆ ಮಾತ್ರ ಸಮ್ಮತಿಸಿತು. ಆದರೂ ಮುಂದೆ 124 ಅಡಿಯ ಎತ್ತರವನ್ನು ಹೊರಬಲ್ಲಷ್ಟು ಅಗಲವಾಗಿ ಅಡಿಪಾಯ ಹಾಕಿಸಲಾಯಿತು. 1924ರ ಒಪ್ಪಂದದಿಂದ ಪೂರ್ಣ ಎತ್ತರಕ್ಕೆ ಸಮ್ಮತಿ ದೊರೆತು, 1931ರಲ್ಲಿ ಕಟ್ಟೆ ಮುಗಿಯಿತು. ಅಷ್ಟರಲ್ಲಿ ಅವರು ದಿವಾನಗಿರಿಯನ್ನು ಬಿಟ್ಟು ಹದಿಮೂರು ವರ್ಷಗಳಾಗಿದ್ದವು! ತಮ್ಮ ಅಧಿಕಾರಾವಧಿಯಲ್ಲಿ ಮುಗಿಯದ ಕೆಲಸಕ್ಕೂ ಅಗಲವಾದ ಅಡಿಪಾಯ ಹಾಕುವ ಹಂಬಲ ಎಷ್ಟು ಜನರಿಗುಂಟು?

ಇನ್ನೊಬ್ಬರು ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಡಾಕ್ಟರ್ ಎಚ್. ನರಸಿಂಹಯ್ಯನವರು. ಓದುವ ಆಸೆಯಿಂದ ಊರಿನಿಂದ ಬೆಂಗಳೂರಿಗೆ ಕಾಲ್ನಡಿಗೆಯಲ್ಲಿಯೇ ಹೊರಟ ಬಡ ಹುಡುಗ. 1942ರ ಚಳವಳಿಯಲ್ಲಿ ವ್ಯಾಸಂಗ ಬಿಟ್ಟು ಸೆರೆಮನೆ ಕಂಡರು, ಮರಳಿ ಓದಿದರು, ಅಮೆರಿಕದ ಓಹಿಯೋದಲ್ಲಿ ಭೌತಶಾಸ್ತ್ರದ ಡಾಕ್ಟರೇಟು ಪಡೆದರು, 1972ರಲ್ಲಿ ಬೆಂಗಳೂರು ವಿಶ್ವವಿದ್ಯಾನಿಲಯದ ಕುಲಪತಿಗಳಾದರು. ವಿಶೇಷವೆಂದರೆ, ಇವರು ತಾವೇ ಸಂದೇಹಿಗಳು! ಪವಾಡಗಳನ್ನು ಪರೀಕ್ಷಿಸಲು 1976ರಲ್ಲಿ ಸಮಿತಿಯನ್ನೇ ರಚಿಸಿದರು. ಮಠದ ವೇದಿಕೆಯಲ್ಲಿ ಈ ಹೆಸರೇಕೆ ಎಂದು ಯಾರಿಗಾದರೂ ಅಚ್ಚರಿಯಾದರೆ, ಕಲ್ಯಾಣದ ಶರಣರೂ ಪ್ರಶ್ನಿಸಿಯೇ ಮುನ್ನಡೆದವರೆಂಬುದನ್ನು ನೆನೆಯಲಿ.

ಹಿರಿಯರಲ್ಲಿಯೂ ನನ್ನದೊಂದು ಅರಿಕೆಯಿದೆ. ದುಡಿಮೆಯೊಂದರಿಂದಲೇ ಎಲ್ಲವೂ ಆಗುವುದೆಂದು ಬಡವರ ಮಕ್ಕಳಿಗೆ ಬೋಧಿಸಿ ನಾವು ಕೈತೊಳೆದುಕೊಳ್ಳಬಾರದು. ವಿಶ್ವೇಶ್ವರಯ್ಯನವರಿಗೆ ಸೋದರಮಾವನ ಆಸರೆಯಿತ್ತು. ನರಸಿಂಹಯ್ಯನವರಿಗೆ ಬೆಂಗಳೂರಿನಲ್ಲಿ ವಿದ್ಯಾರ್ಥಿನಿಲಯ ದೊರೆಯಿತು. ಚಿಂತಾಮಣಿಯ ಕಡೆಯ ಹಳ್ಳಿಯಿಂದ ಇಂದು ಬರುವ ಹುಡುಗಿಗೂ ಅನ್ನ, ದೀಪ, ಮಲಗಲು ನೆಲೆ ಬೇಕು. ನರಸಿಂಹಯ್ಯನವರು ಇದನ್ನು ಮರೆಯಲಿಲ್ಲ. ತಾವು ನಡೆದು ಬಂದ ದೂರವನ್ನು ಮುಂದಿನ ಮಕ್ಕಳು ನಡೆಯಬಾರದೆಂದು ಗೌರಿಬಿದನೂರಿನಲ್ಲಿಯೂ ಬಾಗೇಪಲ್ಲಿಯಲ್ಲಿಯೂ ಕಾಲೇಜುಗಳನ್ನು ತೆರೆಯಿಸಿದರು.